ಇದ್ದಲಿ ಮುಗದಾವು, ನಾಳೆ ಬರ್ರಿ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಖೋಲಿ ಬಂದೂಕುಗಳದಾಗಿತ್ತು. ಹಾನಗಲ್ಲಿನ ಪೇಟೆಗೆ ಬೆನ್ನು ಹಾಕಿ ನಿಂತ ಆ ಮನೆಗೆ ಇದ್ದದ್ದೇ ಮೂರು ಖೋಲಿ. ಮುಂದಿನ ಪಡಸಾಲೆಯಲ್ಲಿ ಅಪ್ಪನ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ಬಂದೂಕಿನ ಖೋಲಿ. ಆ ಖೋಲಿಗೆ ಮಾತ್ರ ಗಚ್ಚಿನ ನೆಲ, ಎರಡು ಕೀಲಿಯ ಬಾಗಿಲು, ವರ್ಷ ವರ್ಷ ತಪ್ಪದೆ ಸುಣ್ಣ. ಅಡಿಗೆಮನೆಯ ಮಾಳಿಗೆ ಸೋರಿದರೆ ಅವ್ವ ಕೆಳಗೊಂದು ಬೋಗುಣಿ ಇಟ್ಟು ಸುಮ್ಮನಾಗುತ್ತಿದ್ದಳು. ಬಂದೂಕಿನ ಖೋಲಿಯಲ್ಲಿ ಒಂದು ಹನಿ ಬಿದ್ದರೂ ಅಪ್ಪ ಅರ್ಧ ಊಟಕ್ಕೆ ಎದ್ದು ಮಾಳಿಗೆ ಹತ್ತುತ್ತಿದ್ದ. ಅಪ್ಪ, ಅವ್ವ, ನಾನು ಮೂವರೂ ಒಲೆಯ ಪಕ್ಕದ ಸಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ಬಂದೂಕಿನ ನಳಿಗೆಗೆ ಎಣ್ಣೆ ಹಚ್ಚಿ ಒರೆಸಿದ ಕೈಯನ್ನು ಅಪ್ಪ ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಆ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅವನು ಮುರಿದುಕೊಟ್ಟ ರೊಟ್ಟಿಗೂ ಅದು ಅಂಟುತ್ತಿತ್ತು. ಮುಂದೆ ಧಾರವಾಡದ ಹಾಸ್ಟೆಲಿನಲ್ಲಿ ಮೊದಲ ಸಲ ವಾಸನೆಯಿಲ್ಲದ ರೊಟ್ಟಿ ತಿಂದಾಗ ಅದು ನನಗೆ ಸಪ್ಪೆ ಅನಿಸಿತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು, ಅದನ್ನು ಎದೆಯೆತ್ತಿ ಹೇಳುತ್ತೇನೆ. ಆದರೆ ಆ ಪದವಿಗೂ ಅದೇ ಎಣ್ಣೆಯ ವಾಸನೆ ಇದೆ. ಅದನ್ನೂ ಹೇಳದಿದ್ದರೆ ನನ್ನ ಆತ್ಮಕಥೆಯ ಈ ಅಧ್ಯಾಯ ಬರೆಯುವುದರಲ್ಲಿ ಅರ್ಥವಿಲ್ಲ.

ನಾವು ಕಂಬಾರರು. ಅಪ್ಪನ ಅಪ್ಪ ಕಾಳಪ್ಪಜ್ಜ ಹಿತ್ತಲಲ್ಲಿ ತಿದಿ ಊದಿ ಕುಡಗೋಲು, ಕೊಡಲಿ, ನೇಗಿಲ ಕುಳ ಮಾಡಿಕೊಡುತ್ತಿದ್ದ. ಅವನ ಕೊನೆಯ ದಿನಗಳನ್ನು ನಾನು ನೋಡಿದ್ದೇನೆ. ಅವನಿಗೊಂದು ರೂಢಿಯಿತ್ತು. ಕೊಡಲಿ ಹಿಡಿದು ಬಂದವನ ಕಣ್ಣನ್ನು ಮೊದಲು ನೋಡುತ್ತಿದ್ದ, ಕೊಡಲಿಯನ್ನು ಆಮೇಲೆ. ಕಣ್ಣು ಕೆಂಪಾಗಿದ್ದರೆ, ಉಸಿರು ಮೇಲೆ ಕೆಳಗೆ ಆಗುತ್ತಿದ್ದರೆ, ಬೆನ್ನ ಹಿಂದೆ ಕುಲುಮೆಯ ಇದ್ದಲಿಯ ಚೀಲ ತುಂಬಿ ನಿಂತಿದ್ದರೂ ಹೇಳುತ್ತಿದ್ದ:

“ಇದ್ದಲಿ ಮುಗದಾವು, ನಾಳೆ ಬರ್ರಿ.”

ಬಂದವನಿಗೂ ಚೀಲ ಕಾಣುತ್ತಿತ್ತು. ಆದರೂ ಯಾರೂ ಎದುರಾಡುತ್ತಿರಲಿಲ್ಲ. ಅದು ಕಂಬಾರನ ಮಾತು, ಅದಕ್ಕೊಂದು ಮರ್ಯಾದೆ ಇತ್ತು. ಮರುದಿನವೂ ಬಂದವನಿಗೆ ಅಜ್ಜ ತಕರಾರಿಲ್ಲದೆ ಕೊಡಲಿ ಮಸೆದುಕೊಡುತ್ತಿದ್ದ. ಹೆಚ್ಚಿನವರು ಬರುತ್ತಲೇ ಇರಲಿಲ್ಲ. ಅಷ್ಟೊಂದು ಇದ್ದಲಿ ಇಟ್ಟುಕೊಂಡು ಸುಳ್ಳು ಯಾಕೆ ಹೇಳುತ್ತೀ ಎಂದು ನಾನೊಮ್ಮೆ ಕೇಳಿದ್ದೆ.

“ಸಿಟ್ಟು ಕಬ್ಬಿಣ ಇದ್ದಂಗ, ಮಗಳ. ಕಾದಾಗ ಬಡದ್ರ ಏನ್ ಬೇಕಾದ್ರೂ ಆಕ್ಕೇತಿ. ಅದನ್ನ ಆರಾಕ ಬಿಡಬೇಕು. ಅದೂ ಕಂಬಾರನ ಕೆಲಸಾನ.”

ಅಜ್ಜ ಹೋದ ಮೇಲೆ ತಿದಿ ಹರಿಯಿತು. ಹಳೆ ಬಂದೂಕಿನ ಕುದುರೆ, ಕಮಾನು ರಿಪೇರಿ ಮಾಡುವುದನ್ನು ಅಪ್ಪ ಧಾರವಾಡದಲ್ಲಿ ಕಲಿತುಬಂದಿದ್ದ. ಮೊದಲು ರಿಪೇರಿಯ ಲೈಸೆನ್ಸ್ ಸಿಕ್ಕಿತು, ಆಮೇಲೆ ಮಾರಾಟದ್ದು. ಜನರ ಮಾತು ಬದಲಾದದ್ದು ಆಗಲೇ. ಅಲ್ಲಿಯವರೆಗೆ ಅಪ್ಪ “ಏ ಮೌನ್ಯಾ” ಆಗಿದ್ದ. ಗೌಡರ ಮನೆಗೆ ಹೋದರೆ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಬಂದೂಕು ಮಾರಲು ಕುಳಿತ ಮೇಲೆ ಅದೇ ಗೌಡರು ನಮ್ಮ ಪಡಸಾಲೆಯ ಹಲಗೆಯ ಮೇಲೆ ಕುಳಿತು, ನಮ್ಮ ಬಸಿಯಲ್ಲೇ ಚಹಾ ಕುಡಿದು, “ಮೌನೇಶಪ್ನೋರ, ಜೋಡಿ ನಳಿಗಿ ಬಂದಾವೇನ್ರಿ” ಎಂದು ಕೇಳಿದರು. ಅವರು ಹೋದ ಮೇಲೆ ಅಪ್ಪ ಆ ಬಸಿಗಳನ್ನು ತಾನೇ ತೊಳೆದಿಡುತ್ತಿದ್ದ, ಅವ್ವನಿಗೆ ಕೊಡುತ್ತಿರಲಿಲ್ಲ. ಅಪ್ಪ ಆಸೆಬುರುಕನಾಗಿರಲಿಲ್ಲ ಎಂದು ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ‘ಅಪ್ನೋರ’ ಎನ್ನಿಸಿಕೊಳ್ಳುವುದು ಏನೆಂದು ಹುಟ್ಟಾ ಅನ್ನಿಸಿಕೊಂಡವರಿಗೆ ಗೊತ್ತಾಗುವುದಿಲ್ಲ.

ಬಂದೂಕು ಕಂಪನಿಯ ಮನುಷ್ಯ ತೇರದಾಳ ಸಾಹೇಬ ಬೆಳಗಾವಿಯಿಂದ ಬರುತ್ತಿದ್ದ. ಬಿಳಿ ಅಂಗಿ, ಕಿಸೆಯಲ್ಲಿ ಕರಿ ರಟ್ಟಿನ ಸಣ್ಣ ಡೈರಿ. ಅವನು ಬರುವ ದಿನ ಅವ್ವ ಝುಣಕ ಮಾಡಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅವನನ್ನು ಅಡಿಗೆಮನೆಯ ಹೊಸ್ತಿಲ ಬಳಿಯೇ ಮಣೆ ಹಾಕಿ ಕೂರಿಸುತ್ತಿದ್ದ, ಹೀಗಾಗಿ ಕಂಪನಿಯ ಪಾಠವೆಲ್ಲ ನನಗೂ ಆಯಿತು. ದೀಪಾವಳಿಗೆ ಕ್ಯಾಲೆಂಡರು ಬರುತ್ತಿತ್ತು. ಅದರಲ್ಲಿ ಪಟಗಾ ಸುತ್ತಿದ ಯಜಮಾನ, ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಕೂಸು, ಗೋಡೆಗೆ ಬಂದೂಕು. ಹೊಲವಿಲ್ಲ, ಹಂದಿಯಿಲ್ಲ. ಬಂದೂಕು ಕೊಂಡವನಿಗೆ ಸ್ಟುಡಿಯೋದಲ್ಲಿ ಒಂದು ಫೋಟೋ ಪುಕ್ಕಟೆ, ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಕಂಪನಿಯಿಂದ ಒಂದು ರೇಶಿಮೆ ವಸ್ತ್ರ. ಆ ಫೋಟೋ ಹಳ್ಳಿಯ ಮನೆಯಲ್ಲಿ ದೇವರ ಪಟದ ಪಕ್ಕ ತೂಗುಬಿದ್ದರೆ, ಹಬ್ಬಕ್ಕೆ ಬಂದ ಬೀಗರು ನೋಡಿ ಹೋದರೆ, ಮುಂದಿನ ತಿಂಗಳು ಬೀಗರ ಊರಿನಿಂದ ಒಬ್ಬ ನಮ್ಮ ಹಲಗೆಯ ಮೇಲೆ ಬಂದು ಕೂರುತ್ತಿದ್ದ.

“ಹಂದಿಗೆ ಅಂಜಿ ಯಾರೂ ಬಂದೂಕ ತಗೊಳ್ಳೂದಿಲ್ಲ, ಮೌನೇಶಪ್ಪ,” ಎಂದು ಸಾಹೇಬ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ. “ಎದುರು ಮನ್ಯಾಗ ಬಂದೂಕ ಬಂದೈತಿ ಅಂತ ಗೊತ್ತಾದ್ರ ಸಾಕು, ತಾವ ಬರ್ತಾರ.”

“ಎದುರು ಮನ್ಯಾಗ ಇಲ್ಲಂದ್ರ ಏನ್ ಮಾಡೂದ್ರಿ?”

“ಮೊದಲ ಎದುರು ಮನಿಗೆ ಮಾರ್ರಿ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಅವ್ವ ಮಾತ್ರ ಹಂಚಿನ ಮೇಲಿನ ರೊಟ್ಟಿ ತಿರುವಿ, “ನಗಾಕ ಅದರಾಗ ಏನೈತಿ” ಎಂದಳು. ಸಾಹೇಬ ಇನ್ನೊಂದು ರೊಟ್ಟಿ ನೀಡಿಸಿಕೊಂಡ.

ಅಪ್ಪನಿಗೆ ಸಹಿಯಷ್ಟೇ ಬರುತ್ತಿತ್ತು. ಲೈಸೆನ್ಸಿನ ಅರ್ಜಿ ಬರೆಯುತ್ತಿದ್ದವಳು ನಾನು. ಆಗ ನಮ್ಮ ಜಿಲ್ಲಾ ಕಚೇರಿ ಧಾರವಾಡದಲ್ಲಿತ್ತು. ಅಲ್ಲಿಯ ಗುಮಾಸ್ತರಿಗೆ ಒಪ್ಪುವಂಥ ದುಂಡನೆಯ ಅಕ್ಷರ ನನ್ನದು. ಅರ್ಜಿಯಲ್ಲಿ ಬಂದೂಕು ಯಾಕೆ ಬೇಕು ಎಂಬ ಒಂದು ಸಾಲು ಇರುತ್ತಿತ್ತು. ಹಲಗೆಯ ಮೇಲೆ ಕುಳಿತವರು ಅದಕ್ಕೆ ನಿಜವನ್ನೇ ಹೇಳುತ್ತಿದ್ದರು. ದಾಯಾದಿ ಬದು ಒತ್ತಿದ್ದಾನೆ. ಅಳಿಯ ಹೆದರಿಸುತ್ತಿದ್ದಾನೆ. ಪಂಚಾಯ್ತಿಯಲ್ಲಿ ಆ ಮನೆಯವರು ಮೀಸೆ ತಿರುವಿದರು. ನಾನು ಎಲ್ಲವನ್ನೂ ಕೇಳಿಸಿಕೊಂಡು, ಮೂಗಿನ ಮೇಲಿನ ಬೆವರು ಒರೆಸಿಕೊಂಡು ಬರೆಯುತ್ತಿದ್ದೆ: ‘ನಮ್ಮ ಹೊಲಕ್ಕೆ ಪ್ರತಿದಿನವೂ ಕಾಡುಹಂದಿಗಳ ಹಿಂಡು ನುಗ್ಗಿ ಬೆಳೆಯನ್ನು ಹಾಳುಗೆಡವುತ್ತಿರುವುದರಿಂದ.’ ಹಿರೇಕೆರೂರಿನ ಗುಡ್ಡದ ಸೆರಗಿನ ಹೊಲಗಳಿಗೆ ಹಂದಿ ನಿಜವಾಗಿಯೂ ಬರುತ್ತಿದ್ದವು. ಗಿಡ ಮರ ಕಾಣದ ಸವಣೂರಿನ ಎರೆಹೊಲಗಳಿಗೂ ನಾನು ಹಿಂಡು ಹಿಂಡು ಹಂದಿ ಬಿಟ್ಟೆ. ಒಂದೇ ಮಾತು ಎಷ್ಟು ಸಲ ಬರೆಯುವುದು ಎಂದು ಹೆಣ್ಣು ಹಂದಿ, ಅದರ ಹಿಂದೆ ಮರಿಗಳು, ಮಬ್ಬು ಬೆಳಕಿನಲ್ಲಿ ಮನುಷ್ಯರ ಮೇಲೂ ಏರಿ ಬರುವ ಗಂಡು ಹಂದಿ, ಹೀಗೆ ಬೆಳೆಸಿದೆ. ಸಾಲೆಯಲ್ಲಿ ನನ್ನ ನಿಬಂಧಗಳಿಗೆ ಮಾಸ್ತರರು ಭೇಷ್ ಅನ್ನುತ್ತಿದ್ದರು. ನಾನು ಬರವಣಿಗೆ ಕಲಿತದ್ದು ಆ ಅರ್ಜಿಗಳಲ್ಲಿ. ಮನುಷ್ಯರು ಇದ್ದಲ್ಲಿ ಹಂದಿ ಅಂತ ಬರೆಯುವುದನ್ನು ಕಲಿತೆ.

ಸಾಹೇಬ ಅರ್ಜಿಗಳ ಮೇಲೆ ಕಣ್ಣಾಡಿಸಿ ಅಕ್ಷರ ಹೊಗಳುತ್ತಿದ್ದ. ಒಂದು ದಿನ ನನ್ನನ್ನೇ ಕೇಳಿದ:

“ತಂಗಿ, ಈ ಬಸಪ್ಪಂದು ನಿಜವಾಗ್ಲೂ ಯಾರ ಕೂಡ ಬಗಿಹರದಿಲ್ಲ?”

ಬಸಪ್ಪ ಶಿಗ್ಗಾಂವಿ ಕಡೆಯ ಹಳ್ಳಿಯವನು, ಆ ವಾರವಷ್ಟೇ ಬಂದೂಕಿಗೆ ಅರ್ಜಿ ಕೊಟ್ಟಿದ್ದ. ನನಗೆಲ್ಲ ಗೊತ್ತಿತ್ತು. ಖುದ್ದು ತಮ್ಮ ಚನ್ನಪ್ಪನ ಕೂಡ ರೀ, ನಡುವಿನ ಬದುವಿನ ಮೇಲೆ ಮಾವಿನ ಗಿಡ ಐತಿ, ಅದು ಯಾರದು ಅಂತ ಜಗಳ ಎಂದು ಪಾಠ ಒಪ್ಪಿಸಿದಂತೆ ಹೇಳಿದೆ. ಸಾಹೇಬ ಕಿಸೆಯಿಂದ ಡೈರಿ ತೆಗೆದು ಚನ್ನಪ್ಪನ ಹೆಸರು ಬರೆದುಕೊಂಡ. ದೊಡ್ಡವರೊಬ್ಬರು ನನ್ನ ಮಾತನ್ನು ಬರೆದುಕೊಂಡದ್ದು ಅದೇ ಮೊದಲು. ಅವತ್ತೆಲ್ಲ ನಾನು ಹಿಗ್ಗಿನಲ್ಲಿದ್ದೆ. ಬಸಪ್ಪನಿಗೆ ಬಂದೂಕು ಬಂದ ಮೇಲೆ ಅವನು ಆ ಹಳ್ಳಿಗೆ ಹೋಗಿ, ಅದರ ಫೋಟೋವನ್ನು ಚನ್ನಪ್ಪನ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನಕ್ಕೆ ತೋರಿಸಿ ಬಂದನಂತೆ.

ಆಗ ನಾನು ಮೆಟ್ರಿಕ್ ಪಾಸಾಗಿದ್ದೆ. ಸೋದರಮಾವ ತನ್ನ ಮಗನಿಗೆ ನನ್ನನ್ನು ಕೇಳಿಕೊಂಡು ಎರಡು ಸಲ ಬಂದುಹೋಗಿದ್ದ. ಅವ್ವನಿಗೆ ಮನಸ್ಸಿತ್ತು, ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಕಂಪನಿ ಒಂದು ಯೋಜನೆ ತಂದಿತ್ತು: ಕಂಪನಿ ಹೇಳಿದಷ್ಟು ಬಂದೂಕಿಗೆ ಆ ವರ್ಷ ಅರ್ಜಿ ಬಿದ್ದರೆ ಏಜೆಂಟನ ಒಂದು ಮಗುವಿನ ಕಾಲೇಜು, ಹಾಸ್ಟೆಲಿನ ಹೊಣೆ ಕಂಪನಿಯದು. ಅಪ್ಪನಿಗೆ ಒಂದೇ ಒಂದು ಅರ್ಜಿ ಕಡಿಮೆ ಬಿದ್ದಿತ್ತು. ಕಾಲೇಜಿಗೆ ಹೆಸರು ಹಚ್ಚಲು ಇನ್ನು ಒಂದೇ ವಾರವಿತ್ತು. ಆ ವಾರ ತೇರದಾಳ ಸಾಹೇಬ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ದಿನವೇ ಚನ್ನಪ್ಪ ಬಂದ.

ಅವನ ಧೋತರದ ತುಂಬ ಕೆಸರು, ತೋಳಿಗೆ ತರಚು ಗಾಯ. ಬೆಳಿಗ್ಗೆ ಗಿಡದ ಕೆಳಗೆ ಅಣ್ಣತಮ್ಮರು ಕೈ ಕೈ ಹತ್ತಿದ್ದರು. ಹಲಗೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದ.

“ಮೌನೇಶಪ್ಪ, ನನಗ ಒಂದ್ ಬಂದೂಕ ಬೇಕು. ಅಂವಗ ಎಂಥಾದ್ ಕೊಟ್ಟೀರಿ ಅಂಥಾದ.”

“ಕುಂದರ್ರಿ, ಚಹಾ ಕುಡೀರಿ.”

“ಚಹಾ ಕುಡ್ಯಾಕ ಬಂದಿಲ್ಲ. ಅರ್ಜಿ ಬರೀರಿ.”

ಅಪ್ಪ ಅವನ ಕಣ್ಣನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ಅಪ್ಪನ ಮುಖದಲ್ಲಿ ನಾನು ಅಜ್ಜನ ಮುಖ ಕಂಡೆ. ಒಳಗೆ ಸಾಹೇಬ ಊಟ ಮಾಡುತ್ತಿದ್ದಾನೆ, ಅವನಿಗೆ ಎಲ್ಲ ಕೇಳಿಸುತ್ತಿದೆ ಎಂಬುದು ಗೊತ್ತಿದ್ದೂ ಅಪ್ಪ ಹೇಳಿದ:

“ಅರ್ಜಿ ಫಾರಂ ಮುಗದಾವು. ನಾಳೆ ಬರ್ರಿ.”

ಚನ್ನಪ್ಪ ಒಂದು ಗಳಿಗೆ ನಿಂತ. ಕಂಬಾರರ ಆ ಮಾತು ಅವನಿಗೂ ಗೊತ್ತಿದ್ದಿರಬೇಕು. ಅವನ ಹೆಗಲು ಇಳಿಯಿತು, ಉಸಿರು ಸಡಿಲಾಯಿತು, ಹೊಸ್ತಿಲ ಕಡೆಗೆ ತಿರುಗಿದ. ಆಗ ನಾನು ಅಂದೆ:

“ಇಲ್ಲಪ್ಪ, ಇನ್ನೂ ಎರಡು ಅದಾವು. ಪೆಟಿಗ್ಯಾಗ.”

ಮಗು, ತಿಳಿಯದೆ ನಿಜ ಹೇಳಿತು ಎಂದು ಎಷ್ಟೋ ವರ್ಷ ಇದನ್ನು ನನಗೆ ನಾನೇ ಹೇಳಿಕೊಂಡೆ. ಗಂಡನಿಗೂ ಹಾಗೇ ಹೇಳಿದ್ದೆ. ಈಗ ವಯಸ್ಸಾಯಿತು, ಸಾಕು. ಅಜ್ಜನ ರೂಢಿ ನನಗೆ ಗೊತ್ತಿತ್ತು. ಅಪ್ಪ ಏನು ಮಾಡುತ್ತಿದ್ದಾನೆ ಅನ್ನುವುದೂ ಗೊತ್ತಿತ್ತು. ನನಗೆ ಸೋದರಮಾವನ ಮನೆ ಬೇಡವಾಗಿತ್ತು, ಧಾರವಾಡ ಬೇಕಾಗಿತ್ತು. ನೂರಾರು ಹಂದಿಗಳನ್ನು ಸುಳ್ಳೇ ಹುಟ್ಟಿಸಿದವಳು ಅವತ್ತು ಒಂದೇ ಒಂದು ನಿಜ ಹೇಳಿದೆ, ಅದೂ ಹೇಳಬಾರದ ಕಡೆ.

“ಶಾಣ್ಯಾ ಹುಡಿಗಿ,” ಎಂದು ಒಳಗಿನಿಂದ ಸಾಹೇಬ ಅಂದ.

ಅಪ್ಪ ನನ್ನ ಕಡೆ ನೋಡಲಿಲ್ಲ. ಸಿಟ್ಟು ಒಂದು ದಿನದಲ್ಲಿ ಆರುತ್ತದೆ ನಿಜ, ಆದರೆ ಕಾಗದಕ್ಕೆ ಏರಿದ ಸಿಟ್ಟು ಆರುವುದಿಲ್ಲ. ಅರ್ಜಿ ಹಾಕಿದ್ದು ಊರಿಗೆಲ್ಲ ಗೊತ್ತಾದ ಮೇಲೆ ಹಿಂದೆ ತೆಗೆದುಕೊಂಡರೆ ಅಣ್ಣನಿಗೆ ಅಂಜಿದ ಎಂದಾಗುತ್ತದೆ. ನಾನು ಪೆಟ್ಟಿಗೆ ತೆಗೆದು ಫಾರಂ ತಂದೆ. ಏನು ಬರೆಯಲಿ ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ಅಣ್ಣನ ಹೊಲದ ಹಂದಿಗಳನ್ನೇ ಬದು ದಾಟಿಸಿ ತಮ್ಮನ ಹೊಲಕ್ಕೆ ಬಿಟ್ಟೆ. ಮಬ್ಬು ಬೆಳಕಿನಲ್ಲಿ ಮನುಷ್ಯರ ಮೇಲೆ ಏರಿ ಬರುವ ಆ ಗಂಡು ಹಂದಿಯನ್ನೂ ಬಿಡಲಿಲ್ಲ. ಮಧ್ಯಾಹ್ನ ಅಪ್ಪ ಉಣ್ಣಲಿಲ್ಲ. ಹಿತ್ತಲಿಗೆ ಹೋಗಿ, ಹರಿದ ತಿದಿಯ ಮುಂದೆ ತಾಸು ಹೊತ್ತು ಕುಳಿತಿದ್ದ.

ನಾನು ಧಾರವಾಡಕ್ಕೆ ಹೋದೆ. ಕೆಲವು ತಿಂಗಳಿಗೆ ಚನ್ನಪ್ಪನ ಲೈಸೆನ್ಸ್ ಬಂತು. ದೀಪಾವಳಿಗೆ ಬಂದ ಕ್ಯಾಲೆಂಡರಿನಲ್ಲಿ ಈ ಸಲ ನಮ್ಮ ಕಡೆಯವರೇ ಇದ್ದರು. ಎರಡು ಬೇರೆ ಬೇರೆ ಫೋಟೋ ಅಂಟಿಸಿ, ಬಸಪ್ಪ ಚನ್ನಪ್ಪರನ್ನು ಅಕ್ಕಪಕ್ಕ ನಿಲ್ಲಿಸಿ, ಕೆಳಗೆ ‘ಅಣ್ಣನೂ ನಂಬಿದ, ತಮ್ಮನೂ ನಂಬಿದ’ ಎಂದು ಅಚ್ಚು ಹಾಕಿದ್ದರು. ಒಬ್ಬರ ಮುಖ ಒಬ್ಬರು ನೋಡಲಾರದವರು ಹನ್ನೆರಡು ತಿಂಗಳು ಒಂದೇ ಮೊಳೆಗೆ ತೂಗುವಂತಾಯಿತು.

ಹನ್ನೆರಡು ತಿಂಗಳು ತೂಗಲಿಲ್ಲ. ಮಾವಿನ ಸುಗ್ಗಿಯಲ್ಲಿ ಒಂದು ದಿನ ನಸುಕಿಗೆ ಉದುರಿದ ಹಣ್ಣು ಆರಿಸಲು ಬಸಪ್ಪ ಗಿಡದ ಕೆಳಗೆ ಬಗ್ಗಿದ್ದ. ಚನ್ನಪ್ಪ ತನ್ನ ಹೊಲದಿಂದ ಗುಂಡು ಹಾರಿಸಿದ. ಬಸಪ್ಪ ಅಲ್ಲೇ ಸತ್ತ. ಬೇಸಿಗೆ ಸೂಟಿಗೆ ಮನೆಗೆ ಬಂದಿದ್ದ ನಾನು ಅಡಿಗೆಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದಾಗ ಸುದ್ದಿ ಬಂತು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಹಂದಿ ಅಂತ ತಿಳದು ಹೊಡದೆ ಅನ್ನಾಕತ್ತಾನಂತ,” ಎಂದು ಅಪ್ಪ ಹೇಳಿದ.

ಅವ್ವ ನನ್ನ ಕಡೆ ತಿರುಗಿದಳು. ಅವಳು ದನಿ ಏರಿಸಲಿಲ್ಲ.

“ಹಂದಿ ಬರದೀ. ಹಂದೀನ ಸತ್ತಿತು, ತಗೋ.”

ಬಂದೂಕು ತನ್ನಲ್ಲೇ ಕೊಂಡದ್ದೆಂದು ಸಾಕ್ಷಿ ಹೇಳಲು ಅಪ್ಪನನ್ನು ಕೋರ್ಟಿಗೆ ಕರೆದರು. ಅಲ್ಲಿ ನಡೆದದ್ದನ್ನು ಅವನು ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ. ಆ ಹೊಲದಲ್ಲಿ ಹಂದಿಯೇ ಇಲ್ಲ ಎಂದು ಬಸಪ್ಪನ ಹೆಂಡತಿ ಅತ್ತು ಹೇಳಿದಳಂತೆ. ಚನ್ನಪ್ಪನ ವಕೀಲ ಎರಡು ಕಾಗದ ತೆಗೆದ. ಒಂದು ಚನ್ನಪ್ಪನ ಅರ್ಜಿ, ಇನ್ನೊಂದು ಸತ್ತ ಬಸಪ್ಪನದೇ ಅರ್ಜಿ. ಎರಡರಲ್ಲೂ ಹಂದಿ. ಎರಡರಲ್ಲೂ ಮಬ್ಬು ಬೆಳಕು. ನಿನ್ನ ಗಂಡನೇ ಸಹಿ ಮಾಡಿದ್ದಾನಲ್ಲ, ಅವನು ಸರಕಾರಕ್ಕೆ ಸುಳ್ಳು ಹೇಳಿದನೇನು ಎಂದು ಕೇಳಿದಾಗ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕಟಕಟೆ ಇಳಿದಳು. ಕೊಲೆಯಲ್ಲ, ತಪ್ಪಿ ಆದದ್ದು ಎಂದಾಯಿತು. ಚನ್ನಪ್ಪ ಸ್ವಲ್ಪವೇ ದಿನ ಒಳಗಿದ್ದು ಬಂದ. ನನ್ನ ಬರಹವನ್ನು ಗಟ್ಟಿಯಾಗಿ, ತುಂಬಿದ ಸಭೆಯಲ್ಲಿ ಓದಿದ್ದು ಅದೇ ಮೊದಲ ಸಲ.

ತೇರದಾಳ ಸಾಹೇಬ ಮುಂದಿನ ತಿಂಗಳು ಬಂದ. ಗೋಡೆಯ ಕ್ಯಾಲೆಂಡರನ್ನು ತಾನೇ ಕೈಯಾರೆ ಇಳಿಸಿ ಸುತ್ತಿಟ್ಟ. ಪಾಪ ಎಂದ. ಆಮೇಲೆ ಡೈರಿ ತೆಗೆದು, ಅದೇ ಊರಿನಿಂದ ಹೊಸದಾಗಿ ಮೂರು ಮನೆಯವರು ಕೇಳುತ್ತಿದ್ದಾರೆ, ಅರ್ಜಿ ತಯಾರು ಮಾಡಿ ಎಂದ.

“ತಪ್ಪು ಯಾರ್ದ್ರಿ, ಸಾಹೇಬ್ರ?” ಎಂದು ಅಪ್ಪ ಕೇಳಿದ.

“ಯಾರ್ದೂ ಅಲ್ಲ. ನೀವು ಅರ್ಜಿ ಬರದ್ರಿ, ಸರಕಾರ ಲೈಸೆನ್ಸ್ ಕೊಟ್ಟಿತು, ಕಂಪನಿ ಬಂದೂಕ ಕೊಟ್ಟಿತು. ಎಲ್ಲಾ ಕಾಯ್ದೆಶೀರ ಐತಿ. ಬಂದೂಕಿನಾಗರ ಏನರ ದೋಷ ಇತ್ತೇನು? ಇಲ್ಲಲ್ಲ.”

ಅವತ್ತು ಅವ್ವ ಅವನಿಗೆ ಊಟಕ್ಕೆ ನೀಡಲಿಲ್ಲ. ಹಿಟ್ಟು ತೀರಿದೆ ಎಂದಳು. ಅವಳ ಹಿಂದೆ ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದೇ ಇತ್ತು.

ನಾನು ಕಾಲೇಜು ಬಿಡುತ್ತೇನೆ ಅಂದೆ. ಬಾಯಿಮಾತಿಗೆ ಅಂದೆನೋ ಮನಸ್ಸಿನಿಂದ ಅಂದೆನೋ ಈಗ ಹೇಳಲಾರೆ. ಅಪ್ಪ ಒಪ್ಪಲಿಲ್ಲ. “ಇಬ್ರೂ ಕೂಡಿ ಕೆಡಿಸೀವಿ. ಒಬ್ಬರರ ಅದರಾಗಿಂದ ಹೊರಗ ಹೋಗ್ಲಿ,” ಎಂದ. ನಾನು ಓದುವಷ್ಟು ವರ್ಷ ಅವನು ಬಂದೂಕು ಮಾರಿದ, ಅರ್ಜಿಗಳನ್ನು ಬೇರೆಯವರಿಂದ ಬರೆಸಿದ. ನನ್ನ ಬಿ.ಎ. ಫಲಿತಾಂಶ ಬಂದ ವಾರ ಅಂಗಡಿಯ ಲೈಸೆನ್ಸನ್ನು ಸರಕಾರಕ್ಕೆ ತಿರುಗಿ ಕೊಟ್ಟ. ಗೌಡರು ಮತ್ತೆ “ಮೌನ್ಯಾ” ಅಂದರು. ಅಪ್ಪ ಓಗೊಟ್ಟ.

ಶಿಗ್ಗಾಂವಿ ಕಡೆಯ ಸಾಲೆಗಳಲ್ಲಿ ಕಲಿಸಿ ನಿವೃತ್ತಳಾಗಿ ನಾನು ಈಗ ಅದೇ ಮನೆಯಲ್ಲಿದ್ದೇನೆ. ಬಂದೂಕಿನ ಖೋಲಿಯಲ್ಲಿ ನನ್ನ ಪುಸ್ತಕಗಳಿವೆ. ಅಲ್ಲಿ ಈಗಲೂ ಮಳೆ ಸೋರುವುದಿಲ್ಲ. ಹೋದ ತಿಂಗಳು ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ಬೇರೆ ಕಂಪನಿ, ಬೇರೆ ಕಾಲ. ಹೆಣ್ಣುಮಕ್ಕಳ ಚೀಲದಲ್ಲಿ ಹಿಡಿಯುವಂಥ ಸಣ್ಣ ರಿವಾಲ್ವರ್ ಬಂದಿದೆಯಂತೆ. ಈ ಊರಿನ ಮೊದಲ ಬಂದೂಕಿನ ಅಂಗಡಿಯ ಮಗಳು, ಕಲಿತವರು, ಅಕ್ಷರಸ್ಥರು, ಧೈರ್ಯದ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟು ಒಂದು ಫೋಟೋ ಕೊಡಬೇಕು ಎಂದ. ವಿನಯದ ಹುಡುಗ. ಬೈಯುವ ಮನಸ್ಸಾಗಲಿಲ್ಲ.

“ಇದ್ದಲಿ ಮುಗದಾವು, ನಾಳೆ ಬಾರಪಾ,” ಅಂದೆ.

ಅಜ್ಜನ ಮಾತು ಸಿಟ್ಟಿನವರಿಗೆ ಮಾಡಿದ್ದು, ಅದು ಒಂದು ದಿನದಲ್ಲಿ ಆರುತ್ತದೆ. ವ್ಯಾಪಾರ ಆರುವುದಿಲ್ಲ. ಮರುದಿನ ಹತ್ತು ಗಂಟೆಗೆ ಅವನು ಬಂದ, ಕೈಯಲ್ಲಿ ಇದ್ದಲಿಯ ಒಂದು ಪೊಟ್ಟಣ.

“ನಿನ್ನೆ ಇಲ್ಲಂದಿದ್ರೆಲ್ಲ, ಮೇಡಂ. ಹುಬ್ಬಳ್ಳಿ ಅಂಗಡ್ಯಾಗ ಸಿಗತಾವ್ರಿ. ತಂದೇನಿ.”

ಕುಂದರು ಅಂದೆ. ಚಹಾ ಕೊಟ್ಟು, ಇಲ್ಲಿ ಬರೆದಿದ್ದನ್ನೆಲ್ಲ ಅವನಿಗೆ ಹೇಳಿದೆ. ಅಜ್ಜ, ಅರ್ಜಿ, ಅಣ್ಣತಮ್ಮರು, ಕೋರ್ಟು, ಯಾವುದನ್ನೂ ಬಿಡಲಿಲ್ಲ. ಅವನು ಚಹಾ ಆರಿದ್ದೂ ಗೊತ್ತಾಗದಂತೆ ಕೇಳಿದ. ಮುಗಿದ ಮೇಲೆ ಬಸಿಯನ್ನು ಮೆಲ್ಲಗೆ ಕೆಳಗಿಟ್ಟ. ಮನಸ್ಸಿಗೆ ತಾಗಿತು ಎಂದುಕೊಂಡೆ. ಆಮೇಲೆ ಕಿಸೆಯಿಂದ ಮೊಬೈಲ್ ತೆಗೆದು, ಹೆಬ್ಬೆರಳು ಅದರ ಮೇಲಿಟ್ಟು ಕೇಳಿದ:

“ಅವರ ಮಕ್ಕಳು ಮೊಮ್ಮಕ್ಕಳು ಈಗೂ ಆ ಊರಾಗ ಅದಾರೇನ್ರಿ, ಮೇಡಂ? ಆ ಬದು ಬಗಿಹರೀತೇನ್ರಿ?”

ಇದ್ದಾರೆ. ಗಿಡವೂ ಇದೆ, ಜಗಳವೂ ಇದೆ. ಎರಡೂ ಮನೆಯ ಮೊಮ್ಮಕ್ಕಳು ನನ್ನ ಕೈಯಲ್ಲೇ ಅಕ್ಷರ ಕಲಿತವರು, ಎರಡೂ ಮನೆಯ ಫೋನ್ ನಂಬರುಗಳು ನನ್ನ ಹತ್ತಿರ ಇವೆ.

“ಗೊತ್ತಿಲ್ಲಪಾ,” ಅಂದೆ.